ಮುಗಿದ ಸೆಲ್ಲುಗಳು

ಪರದೇಶಕ್ಕೆ ಬಂದಾಗಿನಿಂದ ರಿಮೋಟು, ಗಡಿಯಾರಗಳ ಮುಗಿದ ಸೆಲ್ಲುಗಳನ್ನು ಅವಳು ಉಪ್ಪಿನಕಾಯಿ ಬಾಟಲಿಯಲ್ಲಿ ತುಂಬಿಡುತ್ತಿದ್ದಳು. ಅಲ್ಲಿ ಅವನ್ನು ಕಸಕ್ಕೆ ಹಾಕುವಂತಿಲ್ಲ, ಎಲ್ಲಿ ಕೊಡಬೇಕೋ ಗೊತ್ತಿಲ್ಲ.

"ಅದನ್ನ ಕೊಡೋಕೆ ಒಂದು ಜಾಗ ಹುಡುಕೋಕಾಗಲ್ವಾ? ದಂಡಪಿಂಡ! ತವರಿಗೆ ವಾಪಸ್ ಕಳಿಸಿಬಿಡ್ತೀನಿ ನೋಡು!"

ಗಂಡ ಕೈಯಲ್ಲಿದ್ದ ರಿಮೋಟ್ ಎಸೆದ. ಅದು ಅವಳ ಹಣೆಗೆ ಬಡಿಯಿತು.

ಮರುದಿನ ಅವಳು ಬಾಟಲಿ ಹಿಡಿದು ಅಂಗಡಿ ಅಂಗಡಿ ಅಲೆದಳು. ಕೊನೆಗೆ ಒಂದು ಸೂಪರ್‌ಮಾರ್ಕೆಟ್ಟಿನ ಹೆಂಗಸು ಬಾಗಿಲ ಪಕ್ಕದ ಡಬ್ಬಿ ತೋರಿಸಿದಳು.

"ಅದರೊಳಗೆ ಹಾಕಿ. ಮಾರಿದವರೇ ವಾಪಸ್ ತಗೋಬೇಕು, ಇಲ್ಲಿ ಅದೇ ಕಾನೂನು."

"ಪೂರ್ತಿ ಕೆಟ್ಟುಹೋಗಿದ್ದರೂ?"

"ಕೆಟ್ಟಿದ್ದನ್ನೇ ತಾನೇ ವಾಪಸ್ ಕೊಡೋದು!"

ಅವಳು ಬಾಟಲಿ ಬರಿದು ಮಾಡಿದಳು. ಮನೆಗೆ ಬಂದವಳೇ ಊರಿನಲ್ಲಿದ್ದ ಅತ್ತೆಗೆ ಫೋನ್ ಮಾಡಿದಳು.

"ಅತ್ತೆ, ಮದುವೇಲಿ ನಮ್ಮಪ್ಪನ ಹತ್ರ ವರದಕ್ಷಿಣೆ ತಗೊಂಡಿದ್ರಲ್ಲ?"

"ತಗೊಂಡ್ವಿ. ನನ್ನ ಮಗನಿಗೆ ಅದು ಕಮ್ಮೀನೇ ಆಯ್ತು. ಏನೀಗ, ವಾಪಸ್ ಕೇಳ್ತೀಯೇನೇ?"

"ಇಲ್ಲ ಅತ್ತೆ, ದುಡ್ಡು ನೀವೇ ಇಟ್ಕೊಳ್ಳಿ. ನಿಮ್ಮ ಮಗನ್ನ ವಾಪಸ್ ತಗೊಳ್ಳಿ."