ಪೆಟ್ಟಿಗೆಯ ಅವಸರ

"ಎರಡು ಗಂಟೆ ಬೇಕೇ ಬೇಕು. ಅದಕ್ಕಿಂತ ಬೇಗ ಇಳಿದ್ರೆ ಈ ಮೀಸೆ ಬೋಳಿಸ್ತೀನಿ," ಎಂದ ಕ್ಯಾಪ್ಟನ್.

ಡಾಕ್ಟರಮ್ಮನಿಗೆ ನಗು ಬರಲಿಲ್ಲ. ಪುಟ್ಟ ವಿಮಾನದ ಸೀಟಿನ ಮೇಲೆ ಐಸ್ ಪೆಟ್ಟಿಗೆಯನ್ನು ಕೂರಿಸಿ ಬೆಲ್ಟ್ ಬಿಗಿಯುತ್ತಿದ್ದಳು. ಒಳಗಿದ್ದದ್ದು ಒಬ್ಬ ಹೆಂಗಸಿನ ಹೃದಯ. ವಿಮಾನ ಹೋಗಬೇಕಿದ್ದ ಊರಿನ ಆಸ್ಪತ್ರೆಯಲ್ಲಿ ಅದನ್ನು ಜೋಡಿಸಲು ಒಬ್ಬ ಸ್ಕೂಲ್ ಟೀಚರನ್ನು ಆಗಲೇ ಆಪರೇಷನ್ ಮೇಜಿನ ಮೇಲೆ ಮಲಗಿಸಿದ್ದರು.

"ಟ್ರಾಫಿಕ್ಕಲ್ಲೇ ಅರ್ಧ ಹೊತ್ತು ಹಾಳಾಯ್ತು ಸಾರ್. ಒಂದೂವರೆ ಗಂಟೇಲಿ ಮುಟ್ಟಿಸಿ, ಇಲ್ಲಾಂದ್ರೆ ಆ ಟೀಚರ್ ಉಳಿಯಲ್ಲ."

"ಹೋಗುವಾಗ ಎದುರುಗಾಳಿ ಡಾಕ್ಟರಮ್ಮಾ. ನಾಳೆ ವಾಪಸ್ ಬರುವಾಗ ಬೇಕಾದ್ರೆ ಒಂದೂವರೆ ಗಂಟೇಲಿ ತಂದು ಬಿಡ್ತೀನಿ. ಗಾಳಿ ಯಾರಪ್ಪನ ಮಾತೂ ಕೇಳಲ್ಲ."

ಇಪ್ಪತ್ತು ವರ್ಷ ಅದೇ ದಾರಿಯಲ್ಲಿ ಹಾರಿದವನ ಲೆಕ್ಕ ಅದು, ತಪ್ಪುವುದುಂಟೇ! ಆದರೆ ಮೇಲೇರಿ ಸ್ವಲ್ಪ ಹೊತ್ತಿಗೆ ಅವನು ವೇಗ ತೋರಿಸುವ ಪರದೆಯನ್ನು ಬೆರಳಿನಿಂದ ತಟ್ಟಿದ. ಮತ್ತೊಮ್ಮೆ ತಟ್ಟಿದ. ಮುಂದೆ ಹೋಗುತ್ತಿದ್ದ ದೊಡ್ಡ ವಿಮಾನದ ಪೈಲಟ್ ರೇಡಿಯೋದಲ್ಲಿ ಎದುರುಗಾಳಿಗೆ ಹಿಡಿಶಾಪ ಹಾಕುತ್ತಿದ್ದ. ಇವನ ವಿಮಾನ ಮಾತ್ರ ಇಳಿಜಾರಿನಲ್ಲಿ ಬಿಟ್ಟ ಸೈಕಲ್ಲಿನಂತೆ ಓಡುತ್ತಿತ್ತು. ಇಂಜಿನ್ನಿಗೆ ಅವನು ಹೆಚ್ಚಿಗೆ ಏನೂ ಕೊಟ್ಟಿರಲಿಲ್ಲ.

"ಸಾರ್, ಇಲ್ಲಿ ನೋಡಿ," ಹಿಂದಿನಿಂದ ಡಾಕ್ಟರಮ್ಮ ಕೂಗಿದಳು.

ಪೆಟ್ಟಿಗೆ ಸೀಟಿನ ಅಂಚಿಗೆ ಬಂದು ಬೆಲ್ಟನ್ನು ಮುಂದಕ್ಕೆ ಜಗ್ಗುತ್ತಿತ್ತು. ಅವಳು ಎರಡೂ ಕೈಯಿಂದ ಹಿಂದಕ್ಕೆ ತಳ್ಳಿದಳು. ಅದು ಮೆಲ್ಲಗೆ ಮತ್ತೆ ಅಂಚಿಗೆ ಸರಿಯಿತು. ಕ್ಯಾಪ್ಟನ್ ಕತ್ತು ತಿರುಗಿಸಿ ಅದನ್ನೇ ನೋಡಿದ.

"ಯಾರದಮ್ಮಾ ಇದು?"

"ಹೆಸರು ಹೇಳೋ ಹಾಗಿಲ್ಲ. ಮಗಳ ಹೆರಿಗೆ ಅಂತ ನಾವು ಹೋಗ್ತಿರೋ ಊರಿಗೇ ಹೊರಟಿದ್ರಂತೆ. ಏರ್‌ಪೋರ್ಟ್ ದಾರೀಲಿ ಅಪಘಾತ. ಅವರ ಯಜಮಾನರು ದಾನದ ಪತ್ರಕ್ಕೆ ಸಹಿ ಹಾಕ್ತಾ ಅತ್ತುಬಿಟ್ರು. 'ಕಾರು ಹತ್ತಿದಾಗಿಂದ ತಡ ಆಯ್ತು, ತಡ ಆಯ್ತು ಅಂತ ನನ್ನ ಪ್ರಾಣ ತಿಂತಿದ್ಲು' ಅಂದ್ರು."

ಒಂದೂವರೆ ಗಂಟೆ ತುಂಬುವ ಮೊದಲೇ ವಿಮಾನ ಇಳಿಯಿತು. ಹೃದಯ ಟೀಚರ ಎದೆಯಲ್ಲಿ ಬಡಿಯತೊಡಗಿದಾಗ ಡಾಕ್ಟರಮ್ಮ ಸಂತೋಷಕ್ಕೆ ಗಳಗಳನೆ ಅತ್ತಳು. ಮರುದಿನ ಬೆಳಿಗ್ಗೆ ಕ್ಯಾಪ್ಟನ್ ಮೀಸೆಯಿಲ್ಲದ ಮುಖ ಹೊತ್ತು ಬಂದ. ಆಡಿದ ಮಾತಿಗೆ ತಪ್ಪುವ ಆಸಾಮಿಯಲ್ಲ. ಖಾಲಿ ಪೆಟ್ಟಿಗೆಗೆ ಬೆಲ್ಟ್ ಯಾಕೆಂದು ಡಾಕ್ಟರಮ್ಮ ಅದನ್ನು ಕಾಲ ಬಳಿ ಇಟ್ಟುಕೊಂಡಳು.

ಈಗ ಗಾಳಿ ಬೆನ್ನಿಗಿತ್ತು. ಆದರೂ ಒಂದೂವರೆ ಗಂಟೆ ಕಳೆಯಿತು, ಎರಡೂ ಕಳೆಯಿತು, ಅರ್ಧ ದಾರಿಯೂ ಸವೆದಿರಲಿಲ್ಲ. ಎಷ್ಟು ಒತ್ತಿದರೂ ವಿಮಾನ ಕೆಸರಿನಲ್ಲಿ ಕಾಲು ಕೀಳುವಂತೆ ತೆವಳುತ್ತಿತ್ತು. ಟ್ಯಾಂಕಿನಲ್ಲಿ ಇಂಧನ ಇಳಿಯುತ್ತಿತ್ತು. ಕ್ಯಾಪ್ಟನ್ ಹೆದರಿ ತಿರುಗಿ ನೋಡಿದ. ಖಾಲಿ ಪೆಟ್ಟಿಗೆ ತಾನಾಗಿ ಹಿಂದಕ್ಕೆ ಜರುಗಿ ಬಾಗಿಲಿಗೆ ಆತುಕೊಂಡಿತ್ತು. ಡಾಕ್ಟರಮ್ಮ ಎಳೆದು ತಂದಳು. ಕೈ ಬಿಟ್ಟ ಕೂಡಲೇ ಅದು ಮತ್ತೆ ಬಾಗಿಲಿಗೇ ಹೋಯಿತು.

"ಡಾಕ್ಟರಮ್ಮಾ," ಕ್ಯಾಪ್ಟನ್ ಪಿಸುಗುಟ್ಟಿದ. "ಆ ಮಗಳಿಗೆ ಹೆರಿಗೆ ಆಯ್ತಂತಾ?"

ಅವಳು ಪೆಟ್ಟಿಗೆಯಿಂದ ಕಣ್ಣು ಕೀಳದೆ ಅಡ್ಡಡ್ಡ ತಲೆಯಾಡಿಸಿದಳು.

"ಹೊರಡೋವಾಗ ಅವರ ಯಜಮಾನರಿಗೆ ಫೋನ್ ಮಾಡಿದ್ದೆ. ನೋವು ಈಗಷ್ಟೇ ಶುರುವಾಗಿದೆಯಂತೆ."