ಟವರ್ ಕೋಣೆಯ ಇಡ್ಲಿ ಹಿಟ್ಟು

ಸೂರ್ಯನೇ ಮಂಕಾಗಿ ವರ್ಷವಿಡೀ ಚಳಿ ಹಿಡಿದ ಮೇಲೆ ಅರಸೀಕೆರೆಯಲ್ಲಿ ಇಡ್ಲಿ ಹಿಟ್ಟು ಹುದುಗುತ್ತಿದ್ದದ್ದು ಮೊಬೈಲ್ ಟವರ್ ಕೆಳಗಿನ ಕೋಣೆಯಲ್ಲಿ ಮಾತ್ರ. ಊರವರು ಫೋನಿನಲ್ಲಿ ಮಾತಾಡಿದಷ್ಟೂ ಮೇಲಿನ ಆಂಟೆನಾಗಳು ಯಾವ ಮಾತು ಯಾವ ದಿಕ್ಕಿಗೆ ಅಂತ ಲೆಕ್ಕ ಹಾಕಿ ಹಾಕಿ ಬಿಸಿಯಾಗುತ್ತಿದ್ದವು. ಆ ಬಿಸಿಗಾಳಿ ಕೊಳವೆಯಲ್ಲಿ ಇಳಿದು ಪಾತ್ರೆಗಳ ಸುತ್ತ ಸುಳಿಯುತ್ತಿತ್ತು.

ಸಂಜೆ ಮೊಮ್ಮಗಳ ನಾಮಕರಣ. ಬೆಳಿಗ್ಗೆ ಪುಟ್ಟಗೌರಮ್ಮ ಕೋಣೆಗೆ ಬಂದು ತನ್ನ ಪಾತ್ರೆಯ ಮುಚ್ಚಳ ತೆಗೆದು ನೋಡಿದರೆ, ಹಿಟ್ಟು ರುಬ್ಬಿಟ್ಟ ಹಾಗೇ ತಣ್ಣಗೆ ಕೂತಿತ್ತು.

"ಹೊಸ ಆಂಟೆನಾ ಅಮ್ಮಾ, ಮಾತಿಲ್ಲದ ದಿಕ್ಕಿನವು ಮಲಗಿಬಿಡ್ತವೆ," ಅಂದ ಟವರ್ ನೋಡಿಕೊಳ್ಳುವ ಇಮ್ತಿಯಾಜ್. "ರೈಲ್ವೆ ಗೇಟಿನ ಆಚೆ ಯಾರಿಗಾದ್ರೂ ಫೋನ್ ಮಾಡಿ. ನಿಮ್ಮ ಪಾತ್ರೆಗೆ ಬಿಸಿ ಬರೋದು ಆ ಕಡೆಯವುಗಳಿಂದ, ಅವು ಎದ್ದರೆ ಸಾಕು."

ಗೇಟಿನ ಆಚೆ ಪುಟ್ಟಗೌರಮ್ಮನಿಗೆ ಗೊತ್ತಿದ್ದವಳು ನಾದಿನಿ ಜಲಜಾಕ್ಷಿ ಒಬ್ಬಳೇ. ಅತ್ತೆ ಬಿಟ್ಟುಹೋದ ರುಬ್ಬುವ ಕಲ್ಲಿಗಾಗಿ ಜಗಳವಾಡಿ ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಪುಟ್ಟಗೌರಮ್ಮ ಹಲ್ಲು ಕಚ್ಚಿಕೊಂಡು ಫೋನ್ ಮಾಡಿದಳು.

"ಹಿಟ್ಟು ಉಬ್ಬೋತನಕ ಮಾತಾಡು, ಅಷ್ಟು ಸಾಕು."

"ಮೆಂತ್ಯ ಹಾಕಿದ್ಯಾ?" ಜಲಜಾಕ್ಷಿ ಬಿಗಿಯಾಗೇ ಕೇಳಿದಳು.

ಮೆಂತ್ಯದಿಂದ ಶುರುವಾದ ಮಾತು ಮಗುವಿನ ಮೂಗಿಗೆ ಬಂತು, ಅಲ್ಲಿಂದ ಮಂಡಿನೋವಿಗೆ, ಅಲ್ಲಿಂದ ಅತ್ತೆ ಇಬ್ಬರನ್ನೂ ಸಮಸಮ ಬೈಯುತ್ತಿದ್ದ ಬೈಗುಳಗಳಿಗೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಧ್ಯಾಹ್ನ ಕಳೆಯಿತು, ಕೋಣೆ ಬೆಚ್ಚಗಾಯಿತು.

"ಅಮ್ಮಾ, ಆಂಟೆನಾ ಕಾದುಬಿಟ್ಟಿದೆ," ಇಮ್ತಿಯಾಜ್ ಬಾಗಿಲಲ್ಲಿ ಬಂದು ನಿಂತ. "ಫೋನ್ ಇಡ್ತೀರೋ, ಇಲ್ಲ ಫ್ಯಾನ್ ಹಾಕ್ಲೋ?"

ಫ್ಯಾನ್ ಹಾಕು ಅಂತ ಪುಟ್ಟಗೌರಮ್ಮ ಕೈಸನ್ನೆ ಮಾಡಿದಳು.

"ಉಬ್ತಾ ಹಿಟ್ಟು?" ಆ ಕಡೆಯಿಂದ ಜಲಜಾಕ್ಷಿ ಕೇಳಿದಳು.

ಹಿಟ್ಟು ಮುಚ್ಚಳ ತಳ್ಳಿಕೊಂಡು ಬಂದು, ಪುಟ್ಟಗೌರಮ್ಮನ ಸೆರಗಿನ ಮೇಲೆ ಇಳಿಯುತ್ತಿತ್ತು.

"ಎಲ್ಲಿ, ಇನ್ನೂ ಇಲ್ಲ ಕಣೆ," ಅಂದಳು. "ನೀನು ಹೇಳು."