ಹದಿನೈದು ದಿನ ಬೆಟ್ಟದಲ್ಲಿ

“ಕೆಮ್ಮಬೇಡಮ್ಮಾ, ನಾವು ಬೆಟ್ಟದಲ್ಲಿದ್ದೀವಿ,” ಎಂದು ನೋರ್ಮಾ ತಾಯಿಯ ಬಾಯಿಗೆ ಟವೆಲ್ ಒತ್ತಿದಳು.

ಎಂಬತ್ತೆರಡರ ಚೆಸೀರಾ ಕೆಮ್ಮನ್ನು ನುಂಗಿಕೊಂಡಳು. ವೆನಿಸ್ಸಿನ ಆಗಸ್ಟ್ ಮಧ್ಯಾಹ್ನ. ಮರದ ಕಿಟಕಿಬಾಗಿಲುಗಳನ್ನೆಲ್ಲ ಭದ್ರವಾಗಿ ಮುಚ್ಚಿಕೊಂಡು ತಾಯಿ, ಮಗಳು, ಅಳಿಯ ಮೂವರೂ ಬೆವರಿನಲ್ಲಿ ಬೇಯುತ್ತ ಕೂತು ಇಂದಿಗೆ ಒಂಬತ್ತು ದಿನ. ಇನ್ನೂ ಆರು ಬಾಕಿ.

ತಪ್ಪು ನೋರ್ಮಾಳ ಚಿಕ್ಕಪ್ಪನ ಮಗನದು. ಪ್ರತಿ ಬೇಸಿಗೆ ಬೆಟ್ಟದ ಮೇಲಿನ ತನ್ನ ಮನೆಯನ್ನು ಇವರಿಗೆ ಬಿಟ್ಟುಕೊಡುತ್ತಿದ್ದವನು ಈ ಸಲ ಯಾರೋ ಜರ್ಮನರಿಗೆ ಬಾಡಿಗೆಗೆ ಕೊಟ್ಟ. ಆ ಸುದ್ದಿ ಬರುವ ಹೊತ್ತಿಗೆ ನೋರ್ಮಾ ಎದುರುಮನೆಯ ಎಲ್ದಾಳಿಗೆ ಬ್ರೆಡ್ಡಿನಂಗಡಿಯಲ್ಲಿ ಮೂರು ಸಲ ಹೇಳಿಯಾಗಿತ್ತು: ಹದಿನೈದು ದಿನ, ಬೆಟ್ಟ, ರಾತ್ರಿ ಕಂಬಳಿ ಹೊದೆಯಬೇಕು ಅಷ್ಟು ಚಳಿ. “ನಾವಂತೂ ಸಾರ್ದೀನಿಯಾಕ್ಕೇ ಹೋಗೋದಪ್ಪ. ಸಮುದ್ರ ಇಲ್ದಿರೋ ರಜಾ ಒಂದು ರಜಾನಾ?” ಎಂದು ಎಲ್ದಾ ಮೂಗು ಮುರಿದಿದ್ದಳು.

ಆಗಸ್ಟಿನಲ್ಲಿ ಊರಲ್ಲೇ ಉಳಿದವರು ಎಂದರೆ ಗತಿಗೆಟ್ಟವರು, ಇಲ್ಲವೇ ನಂಟರಿಗೂ ಬೇಡವಾದವರು. ಔಷಧದಂಗಡಿಯವರು ಗ್ರೀಸಿಗೆ ಹೋಗಿದ್ದರು. ಮೇಲಂತಸ್ತಿನ ವಿಧವೆ ಕೂಡ ಮಗಳ ಜೊತೆ ಸರೋವರದ ದಂಡೆಗೆ ಹೋಗಿದ್ದಳು. ನಾವು ಮಾತ್ರ ಇಲ್ಲೇ ಇದ್ದೇವೆಂದು ಎಲ್ದಾಳ ಕಿವಿಗೆ ಬಿದ್ದರೆ ಅದು ಒಂದೇ ದಿನದಲ್ಲಿ ಮೀನಿನ ಮಾರುಕಟ್ಟೆಯಿಂದ ಚರ್ಚಿನವರೆಗೂ ಹೋಗುತ್ತದೆ. ನೋರ್ಮಾ ಮತ್ತೆ ಆ ಅಂಗಡಿಯಲ್ಲಿ ತಲೆ ಎತ್ತುವ ಹಾಗಿಲ್ಲ.

ಆದ್ದರಿಂದ ಸೂಟ್‌ಕೇಸು ಹಿಡಿದು, ಕಂಡಕಂಡವರಿಗೆಲ್ಲ ಕೈಬೀಸಿ, ದೋಣಿ ಹತ್ತಿ ಸ್ಟೇಷನ್ನಿಗೆ ಹೋದರು. ಒಂದಿಡೀ ದಿನ ಅಲ್ಲಿ ಬೆಂಚಿನ ಮೇಲೆ ಕೂತರು. ಕತ್ತಲಾದ ಮೇಲೆ ಹಿಂಬಾಗಿಲಿನಿಂದ ಸ್ವಂತ ಮನೆಗೆ ಕಳ್ಳರ ಹಾಗೆ ನುಸುಳಿದರು. ಅಂದಿನಿಂದ ದೀಪ ಇಲ್ಲ, ರೇಡಿಯೋ ಇಲ್ಲ. ಡಬ್ಬಿಯ ಮೀನು, ಒಣ ಬ್ರೆಡ್ಡು. ಕಾಫಿ ಕಾಸುವಂತಿಲ್ಲ, ಕಾಫಿಯ ಘಮಕ್ಕೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ.

“ಯಾರೋ ಈರುಳ್ಳಿ ಹುರೀತಿದಾರೆ,” ಎಂದಳು ಚೆಸೀರಾ.

“ಕೇರೀಲಿ ನರಪಿಳ್ಳೆ ಇಲ್ಲಮ್ಮ. ಹಸಿವಿಗೆ ಹಾಗನ್ಸತ್ತೆ.” ನೋರ್ಮಾ ಕಿಟಕಿಯ ಸಂದಿಗೆ ಕಣ್ಣಿಟ್ಟಳು. ಮೂರು ಮಾರಿನ ಕಾಲುವೆ, ಅದರಾಚೆ ಎಲ್ದಾಳ ಮುಚ್ಚಿದ ಕಿಟಕಿ, ಕಟ್ಟೆಯ ಮೇಲೆ ಕಾಮಕಸ್ತೂರಿಯ ಕುಂಡ. “ಒಂಬತ್ತು ದಿನದಿಂದ ಒಂದು ಹನಿ ಮಳೆ ಇಲ್ಲ, ಆ ಗಿಡದ ಕೊಬ್ಬು ನೋಡು. ಒಡತಿ ಥರಾನೇ.”

“ಶ್! ಬಂದ್ವು,” ಎಂದ ಅವಳ ಗಂಡ ಗಿಲ್ದೊ, ಪಕ್ಕದ ಸಂದಿಯಿಂದ.

ನಲವತ್ತು ವರ್ಷ ಸಾಮಾನಿನ ದೋಣಿ ನಡೆಸಿದವನಿಗೆ ಈಗ ಉಳಿದಿದ್ದ ಮನರಂಜನೆ ಇದೊಂದೇ. ಪ್ರವಾಸಿಗಳು. ಅಪ್ಪ, ಅಮ್ಮ, ಐದಾರು ವರ್ಷದ ಮಗಳು. ಮೂವರ ತಲೆಯ ಮೇಲೂ ಕೆಂಪು ರಿಬ್ಬನ್ನಿನ ಹುಲ್ಲಿನ ಟೋಪಿ. ನೀರಿಗಿಳಿಯುವ ಕಲ್ಲುಮೆಟ್ಟಿಲ ಮೇಲೆ ಪಿಜ್ಜಾದ ಡಬ್ಬಿ ಬಿಚ್ಚಿಕೊಂಡು ಕೂತರು.

“ದೋಣಿಯವರ ಟೋಪಿ ಹಾಕ್ಕೊಂಡಿದಾನೆ ಮಹಾರಾಯ. ದೋಣೀಲಿ ಮುಂದ್ಯಾವುದು ಹಿಂದ್ಯಾವುದು ಕೇಳು, ಬಾಯ್ ಬಿಡ್ತಾನೆ.”

“ಮೆಟ್ಲ ಮೇಲೆ ಊಟ. ಇವರೂರಲ್ಲಿ ಇನ್ನೂ ಮೇಜು ಬಂದಿಲ್ಲ ಅನ್ಸತ್ತೆ.”

“ಪಿಜ್ಜಾ ಬಿಸಿ ಇದ್ಯಾ?” ಎಂದಳು ಚೆಸೀರಾ.

“ಪಾಪ, ರಜಾನ ಹೀಗೂ ಹಾಳು ಮಾಡ್ಕೋತಾರಲ್ಲ,” ಎಂದಳು ನೋರ್ಮಾ, ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ.

ಗಿಲ್ದೊ ನಗಲಿಲ್ಲ. ಹುಡುಗಿ ಕೆಳಗಿಳಿಯುತ್ತಿದ್ದಳು. ಪಾಚಿ ಹಿಡಿದ ಹಸಿರು ಮೆಟ್ಟಿಲನ್ನು ತುಳಿಯಬಾರದೆಂದು ಇಲ್ಲಿನ ಮಕ್ಕಳು ಅಕ್ಷರಕ್ಕಿಂತ ಮೊದಲೇ ಕಲಿತಿರುತ್ತಾರೆ.

“ಅವಳಪ್ಪ ನೋಡ್ತಿದಾನೆ ಬಿಡು,” ಎಂದಳು ನೋರ್ಮಾ.

ಅಪ್ಪ ನೋಡುತ್ತಿದ್ದುದು ನಿಜ, ಫೋನಿನೊಳಗಿಂದ. ಚಿತ್ರ ಚೆನ್ನಾಗಿ ಬರಲೆಂದು, ಇನ್ನೊಂದು ಮೆಟ್ಟಿಲು ಇಳಿ ಎಂದು ಕೈಸನ್ನೆ ಮಾಡುತ್ತಿದ್ದ.

ಹುಡುಗಿ ಜಾರಿದ್ದಕ್ಕೆ ಸದ್ದೇ ಆಗಲಿಲ್ಲ. ಟೋಪಿ ತೇಲಿತು. ಸಮುದ್ರದ ಕಡೆಗೆ ಇಳಿಯುತ್ತಿದ್ದ ನೀರು ಅವಳನ್ನು ನೋರ್ಮಾಳ ಮತ್ತು ಎಲ್ದಾಳ ಮನೆಗಳ ನಡುವಿಗೆ ಎಳೆಯಿತು. ತಾಯಿ ಕಿರುಚಿದಳು. ಅಪ್ಪ ಎದ್ದ, ಅದೇ ಮೆಟ್ಟಿಲು ತುಳಿದ, ಅಂಗಾತ ಬಿದ್ದ.

“ಯಾರಾದ್ರೂ ಬರ್ತಾರೆ,” ಎಂದಳು ನೋರ್ಮಾ ಸಣ್ಣಗೆ.

“ಯಾರು? ಕೇರೀಲಿ ನರಪಿಳ್ಳೆ ಇಲ್ಲ ಅಂದ್ಯಲ್ಲ,” ಎಂದ ಗಿಲ್ದೊ.

ನೋರ್ಮಾ ಒಂದು ಕ್ಷಣ ಕಣ್ಣು ಮುಚ್ಚಿದಳು. ಬ್ರೆಡ್ಡಿನಂಗಡಿ, ಮೀನಿನ ಮಾರುಕಟ್ಟೆ, ಚರ್ಚು ಎಲ್ಲ ಕಣ್ಣಮುಂದೆ ಬಂದು ಹೋದವು. “ದೋಣಿ ಹುಟ್ಟು ನೀರಬಾಗಿಲ ಹಿಂದಿದೆ,” ಎಂದಳು. “ಓಡು.”

ಅವನು ಹೋದದ್ದೇ ತಡ, ತಾನೇ ಕಿಟಕಿಯನ್ನು ದಡಾರನೆ ತೆರೆದಳು. “ಕೈ ಬಡಿ ಮಗಾ, ಕೈ ಬಡಿ!”

ಗಿಲ್ದೊ ಒಳಚಡ್ಡಿಯಲ್ಲೇ ಕೆಳಗೆ ಓಡಿ, ಕಾಲುವೆಗೆ ತೆರೆಯುವ ಆ ಬಾಗಿಲು ಒದ್ದು, ಹುಟ್ಟು ಚಾಚಿದ. ಹುಡುಗಿ ಅದನ್ನು ಎಡಗೈಯಲ್ಲಿ ಹಿಡಿದಳು. ಬಲಗೈಯಲ್ಲಿ ಅವಳು ಆಗಲೇ ಇನ್ನೊಂದು ಹುಟ್ಟನ್ನು ಹಿಡಿದಿದ್ದಳು.

ಎರಡು ಹುಟ್ಟುಗಳೂ ಸೇರಿ ಮಗುವನ್ನು ಮೆಟ್ಟಿಲಿಗೆ ಮುಟ್ಟಿಸಿದವು. ತಾಯಿ ಬಾಚಿ ತಬ್ಬಿಕೊಂಡಳು. ಮಗು ಕೆಮ್ಮಿತು, ಆಮೇಲೆ ಕೇರಿಗೆಲ್ಲ ಕೇಳುವಂತೆ ಅತ್ತಿತು.

ಗಿಲ್ದೊ ತಲೆ ಎತ್ತಿದ. ಎದುರಿನ ನೀರಬಾಗಿಲಲ್ಲಿ ಎಲ್ದಾಳ ಗಂಡ ಒರೆಸ್ತೆ ನಿಂತಿದ್ದ. ಬನಿಯನ್ನು, ಬಿಸಿಲು ಸೋಂಕದ ಮೈದಾಹಿಟ್ಟಿನಂಥ ತೋಳು.

ಇಬ್ಬರೂ ತಂತಮ್ಮ ಹುಟ್ಟಿನ ನೀರು ಕೊಡವಿದರು.

“ಬೆಟ್ಟ ಹೇಗಿದೆ?” ಎಂದ ಒರೆಸ್ತೆ.

“ಚಳಿ. ನಿಮ್ ಸಮುದ್ರ?”

“ಅಲೆ ಜಾಸ್ತಿ.”

ಒಬ್ಬರಿಗೊಬ್ಬರು ತಲೆಯಾಡಿಸಿ ಬಾಗಿಲು ಎಳೆದುಕೊಂಡರು.

ಆಮೇಲೆ ಕಾಲುವೆಯ ಎರಡೂ ದಡದುದ್ದಕ್ಕೆ, ಮಗು ಬಿದ್ದಾಗ ತೆರೆದುಕೊಂಡಿದ್ದ ಉಳಿದ ಹನ್ನೊಂದು ಮನೆಗಳ ಕಿಟಕಿಗಳೂ ಒಂದೊಂದಾಗಿ, ಸದ್ದಾಗದ ಹಾಗೆ ಮುಚ್ಚಿಕೊಂಡವು.